ತಾನಿಲ್ಲದ ದಿನದ ತಾಲೀಮು

ಲಿಫ್ಟ್ ರಿಪೇರಿಯವನಿಗೆ ಸಾವಿನ ಮೇಲೆ ಅಷ್ಟೇನೂ ಸಿಟ್ಟಿರಲಿಲ್ಲ. ಅದು ಹೇಳದೆ ಕೇಳದೆ ಬರುತ್ತದಲ್ಲ, ಆ ಅಶಿಸ್ತಿನ ಮೇಲಿತ್ತು. ಹದಿನೆಂಟು ವರ್ಷ ಜೊತೆಗೆ ಗ್ರೀಸು ಮೆತ್ತಿಕೊಂಡ ಗೆಳೆಯ ಒಂದು ಮಂಗಳವಾರ ಕೈಯಲ್ಲಿ ಸ್ಪ್ಯಾನರ್ ಹಿಡಿದಂತೆಯೇ ಹೋಗಿಬಿಟ್ಟ. ಮಾತಾಡಿಸಲು ಹೋದರೆ ಅವನ ಹೆಂಡತಿ ಪಾದ ಮುಳುಗುವಷ್ಟು ನೀರಲ್ಲಿ ನಿಂತಿದ್ದಳು. ನೀರು ಕಣ್ಣಿನದಲ್ಲ, ಒಡೆದ ಪೈಪಿನದು. ವಾಲ್ವ್ ಎಲ್ಲಿದೆಯೆಂದು ಹೇಳಬೇಕಾದ ಬಾಯಿ ಮುಚ್ಚಿಹೋಗಿತ್ತು.

ಮುಂದಿನ ಭಾನುವಾರವೇ ಲಿಫ್ಟ್ ರಿಪೇರಿಯವನು ತನ್ನ ಹೆಂಡತಿಯನ್ನೂ ಮಗಳನ್ನೂ ಕೂರಿಸಿ 'ಕೌಟುಂಬಿಕ ಆಪತ್ಕಾಲ ಮಹಾಸಭೆ' ನಡೆಸಿದ. (ಅಧ್ಯಕ್ಷ, ಕಾರ್ಯದರ್ಶಿ, ಮುಖ್ಯ ಭಾಷಣಕಾರ, ಮೃತ: ನಾಲ್ಕೂ ಹುದ್ದೆ ಅವನದೇ.)

"ಈಗ ನಾನು ಸತ್ತಿದ್ದೀನಿ ಅಂತ ಇಟ್ಕೊಳ್ಳಿ. ಮೊದಲು ಏನ್ ಮಾಡ್ತೀರಿ?"

"ಟಿವಿ ಸೌಂಡ್ ಕಮ್ಮಿ ಮಾಡ್ತೀವಿ," ಎಂದಳು ಮಗಳು.

"ತಮಾಷೆ ಅಲ್ಲ ಇದು!"

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಲೇ, "ಸತ್ತೋರು ಇಷ್ಟು ಮಾತಾಡಲ್ಲ ಕಣ್ರೀ," ಎಂದಳು.

ಆರು ಭಾನುವಾರ ಅವನು ಆರು ಬಗೆಯಲ್ಲಿ ಸತ್ತ. ಕರೆಂಟು ಹೊಡೆದು, ಏಣಿಯಿಂದ ಬಿದ್ದು, ಎದೆ ಹಿಡಿದುಕೊಂಡು. ಪ್ರತಿ ಸಲವೂ ನೆಲದ ಮೇಲೆ ಅಂಗಾತ ಮಲಗಿ, ಗಡಿಯಾರ ನೋಡುತ್ತ, ಮೇನ್ ಸ್ವಿಚ್ಚು, ಗ್ಯಾಸು, ವಾಲ್ವು ಎಂದು ಕೂಗುತ್ತಿದ್ದ. ಹೆಂಡತಿ ಎರಡೇ ನಿಮಿಷದಲ್ಲಿ ಫ್ಯೂಸ್ ಕಟ್ಟುವಷ್ಟು ಪಳಗಿದಳು. ಕಟ್ಟಿ ಮುಗಿಸಿ ಒಮ್ಮೆ ಕೇಳಿದಳು:

"ನಾನೇ ಮೊದಲು ಹೋದ್ರೆ?"

"ನಿನಗೇನಾಗತ್ತೆ? ಗುಂಡುಕಲ್ಲಿನ ಹಾಗಿದ್ದೀಯ. ನಡಿ, ವಾಲ್ವ್ ತೋರಿಸು."

ಆರನೇ ಭಾನುವಾರದ ಮರುದಿನ ಬೆಳಗ್ಗೆ ಮಗಳು ಕಾಲೇಜಿಗೆ ಹೋದ ಮೇಲೆ, ಹೊಲಿಗೆ ಯಂತ್ರದ ಸದ್ದು ನಡುವೆಯೇ ನಿಂತಿತು. ಅವನು ಬಂದು ನೋಡಿದಾಗ ಹೆಂಡತಿ ಯಂತ್ರದ ಮೇಲೆ ಒರಗಿದ್ದಳು. ಉಸಿರು ಸಿಳ್ಳೆ ಹೊಡೆಯುತ್ತಿತ್ತು, ತುಟಿ ನೀಲಿಗಟ್ಟಿತ್ತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಮಗಳು ಪರೀಕ್ಷೆಯಲ್ಲಿದ್ದಳು, ಅವಳ ಫೋನು ಬಂದ್.

"ಯಾವುದಾದ್ರೂ ಮಾತ್ರೆ ತಗೋತಾರಾ?" ನರ್ಸ್ ಕೇಳಿದಳು.

"ತಗೋತಾಳೆ. ಬಿಳಿದು."

"ಯಾವುದಕ್ಕೆ?"

"ಊಟ ಆದ್ಮೇಲೆ."

"ಸಮಯ ಅಲ್ಲ, ಕಾಯಿಲೆ ಕೇಳಿದ್ದು! ಬ್ಲಡ್ ಗ್ರೂಪ್? ಯಾವುದಾದ್ರೂ ಔಷಧ ಆಗಿಬರಲ್ವಾ?"

ಅವನು ಉತ್ತರ ಕೇಳುವವನಂತೆ ಹೆಂಡತಿಯ ಕಡೆ ನೋಡಿದ. ನರ್ಸ್ ಪೆನ್ನು ಕೆಳಗಿಟ್ಟು, "ನೀವು ಇವರಿಗೆ ಏನಾಗಬೇಕು?" ಎಂದಳು. "ಗಂಡ" ಎಂದು ಅವನು ಎರಡು ಸಲ ಹೇಳಬೇಕಾಯಿತು.

ಅವಳನ್ನು ಒಳಗೆ ಕರೆದೊಯ್ದು ಬಾಗಿಲು ಮುಚ್ಚಿದರು. ಕಬ್ಬಿಣದ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತ. ಊರಿನ ಮೂವತ್ತೊಂದು ಲಿಫ್ಟುಗಳ ಹಗ್ಗ ಎಂದು ಬದಲಾಯಿಸಿದ್ದು, ಯಾವುದು ಯಾಕೆ ನರಳುತ್ತದೆ ಎಲ್ಲವೂ ಅವನಿಗೆ ಬಾಯಿಪಾಠ. ಆದರೆ ಹೆಂಡತಿ ರಾತ್ರಿ ಕೆಮ್ಮುತ್ತಿದ್ದಾಗ ಯಾಕೆಂದು ಕೇಳದೆ ಮಗ್ಗುಲು ಬದಲಿಸಿ ಮಲಗಿದ್ದ.

ಮಧ್ಯಾಹ್ನ ಕರೆದರು. ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದ್ದರು. ಅವಳು ಕಣ್ಣು ಬಿಟ್ಟಿದ್ದಳು. ಬೆಳಗ್ಗಿನಿಂದ ಹನಿ ನೀರೂ ಕುಡಿಯದವನು ಮಂಚದ ಕಡೆ ಎರಡು ಹೆಜ್ಜೆ ಇಟ್ಟ. ಮೂರನೆಯದಕ್ಕೆ ನೆಲವೇ ಮೇಲೆದ್ದು ಬಂತು.

"ಅಯ್ಯೋ! ಇವರಿಗೆ ಶುಗರ್ ಇದೆಯಾ?" ಆ ವಾರ್ಡಿನ ಬೇರೊಬ್ಬ ನರ್ಸ್ ಅವನ ಕಾಲೆತ್ತಿ ಹಿಡಿದು ಕೂಗಿದಳು.

ಹೆಂಡತಿ ಮಾಸ್ಕ್ ಕಿತ್ತು ಸರಿಸಿದಳು.

"ಶುಗರ್ ಇಲ್ಲ... ಬಿಪಿ. ಇವತ್ತು ಮಾತ್ರೆ ತಗೊಂಡಿರಲ್ಲ. ಬಿ ಪಾಸಿಟಿವ್. ಪೆನ್ಸಿಲಿನ್ ಕೊಡಬೇಡಿ, ಮುಖ ಊದತ್ತೆ... ವಯಸ್ಸು ಐವತ್ತೊಂದು. ನಲವತ್ತೆಂಟು ಅಂತಾರೆ, ನಂಬಬೇಡಿ."

"ನೀವು ಮಾತಾಡಲೇಬಾರದು!" ನರ್ಸ್ ಓಡಿಹೋಗಿ ಮಾಸ್ಕ್ ಮತ್ತೆ ಬಿಗಿದಳು. "ಸುಮ್ನೆ ಮಲಗಿ. ನಿಮ್ಮ ವಿವರ ಎಲ್ಲಾ ಇವರು ಎದ್ದ ಮೇಲೆ ಇವರನ್ನೇ ಕೇಳ್ಕೋತೀನಿ."

ಅವನಿಗೆ ಆಗಲೇ ಎಚ್ಚರವಾಗಿತ್ತು. ಆದರೂ ಕಣ್ಣು ತೆರೆಯಲಿಲ್ಲ.