ಕುದುರೆಯ ಮೂತಿಗೆ ಹೊಡೆದ ಬೆಕ್ಕು

ಕೆನೆ ತಿಂದದ್ದು ಬೆಕ್ಕು, ಬೈಸಿಕೊಂಡದ್ದು ಬೈಂಡಿಂಗಿನವರು.

ಹಾಲು ಇನ್ನೂ ಕುದುರೆಗಾಡಿಯಲ್ಲಿ ಬರುತ್ತಿದ್ದ ಕಾಲ. ಓಣಿಯೊಂದರ ನಡುವಿನ ಮನೆಯ ಮುಂಗೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟಿಕೊಡುತ್ತಿದ್ದವರನ್ನು ಎಲ್ಲರೂ ಬೈಂಡಿಂಗಿನವರು ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ. ಪುಸ್ತಕ ತೆಗೆದುಕೊಳ್ಳುವಾಗ ಒಮ್ಮೆ ತಲೆಯಾಡಿಸುವರು, ಕೊಡುವಾಗ ಇನ್ನೊಮ್ಮೆ. ಅವರ ಪಾಲಿನ ಮಾತನ್ನೂ ಸೇರಿಸಿ ಆಡಲು ಮನೆಯಲ್ಲಿ ಅಕ್ಕ ಇದ್ದರು.

ಬೆಕ್ಕು ಬೂದುಬಣ್ಣದ್ದು. ಒಂದು ಕಿವಿ ಹರಿದಿತ್ತು. ಮೈಯಲ್ಲಿ ಮಾಂಸಕ್ಕಿಂತ ಧಿಮಾಕು ಹೆಚ್ಚು. ಓಣಿಯ ಎಲ್ಲ ಮನೆಗಳಲ್ಲೂ ಉಂಡು, ಮಲಗುವುದಕ್ಕೆ ಮಾತ್ರ ಬೈಂಡಿಂಗಿನವರ ಕೋಣೆಗೆ, ಕತ್ತರಿಸಿ ಬಿದ್ದ ಕಾಗದದ ಚೂರುಗಳ ಗುಡ್ಡೆಗೆ ಬರುತ್ತಿತ್ತು. ಕರೆಯದೆ ಅವರ ಬಳಿಗೆ ಬರುತ್ತಿದ್ದದ್ದು ಈ ಲೋಕದಲ್ಲಿ ಅದೊಂದೇ.

ಅಂದು ಬೆಳಿಗ್ಗೆ ಮೂಲೆಮನೆಯ ಅಜ್ಜಿ ಖಾಲಿ ಬಟ್ಟಲು ಹಿಡಿದು ಬಂದರು. "ಏನ್ರೀ, ನಿಮ್ ಬೆಕ್ಕು ಇವತ್ತೂ ಕೆನೆ ನೆಕ್ಕಿದೆ ನೋಡಿ!"

"ಯಾರ ಬೆಕ್ಕು ಅಜ್ಜೀ?" ಅಕ್ಕ ಒಳಗಿಂದಲೇ ಶುರುಮಾಡಿದರು. "ಈ ಮನೇಲಿರೋದು ನಾನು, ನನ್ ತಮ್ಮ. ಇಬ್ಬರೂ ಬಟ್ಟಲು ನೆಕ್ಕೋರಲ್ಲ."

ಎದುರುಮನೆಯ ಟೈಲರು ಕತ್ತರಿ ಸಮೇತ ಹೊರಬಂದರು. "ಮೊನ್ನೆ ಇಸ್ತ್ರಿ ಮಾಡಿಟ್ಟ ಕೋಟಿನ ಮೇಲೆ ಮಲಗಿ ಹೋಗಿದೆ ಸ್ವಾಮಿ. ಗಿರಾಕಿ ಕೇಳ್ತಾರೆ, ಇದು ಉಣ್ಣೇನಾ, ಉಣ್ಣೆ ಕೊಟ್ಟ ಪ್ರಾಣೀನಾ ಅಂತ!"

ನಿವೃತ್ತ ಹೆಡ್‌ಮಾಸ್ಟರು ತಮ್ಮ ಜಗಲಿಯಿಂದಲೇ ತೀರ್ಪು ಕೊಟ್ಟರು. "ಶಿಸ್ತಿಲ್ಲ. ಸಾಕಿದೋರು ಸಡಿಲ ಬಿಟ್ರೆ ಹೀಗೇ."

ಎಲ್ಲರ ಕಣ್ಣೂ ತಮ್ಮ ಮೇಲೆ ನೆಟ್ಟಾಗ ಬೈಂಡಿಂಗಿನವರ ಬಾಯಿಂದ ಅಪರೂಪಕ್ಕೆ ಒಂದು ಮಾತು ಬಿತ್ತು. "ಅದು ನಮ್ಮ ಬೆಕ್ಕಲ್ಲ."

ಹೊಸ್ತಿಲ ಮೇಲೆ ಮೀಸೆ ಒರೆಸಿಕೊಳ್ಳುತ್ತಿದ್ದ ಬೆಕ್ಕು ಅವರತ್ತ ಒಮ್ಮೆ ನೋಡಿತು. ಅವರು ನೋಡಲಿಲ್ಲ. ಅದು ಎದ್ದು ಹೋಗಿ ಓಣಿಯ ನಟ್ಟನಡುವೆ, ಬಿಸಿಲು ಬಿದ್ದಲ್ಲಿ, ಮೈಚಾಚಿ ಮಲಗಿತು.

ಆಗಲೇ ಗಾಡಿಯ ಸದ್ದು ಕೇಳಿದ್ದು. ಗೊರಸಿನ ಟಕಟಕ, ಹಿಂದೆ ಹಾಲಿನ ಕ್ಯಾನುಗಳ ಗಣಗಣ. ಓಣಿ ಕಣ್ಣುಬಿಡುತ್ತಿದ್ದದ್ದೇ ಆ ಸದ್ದಿಗೆ. ಗಾಡಿ ಮುಂದೆ ಹೋದ ಮೇಲೆ ಉಳಿಯುತ್ತಿದ್ದ ಮೌನವೂ ಅದರದೇ ಒಂದು ಭಾಗ. ಈಗ ಆ ಸದ್ದೂ ಇಲ್ಲ, ಅಂಥ ಮೌನವೂ ಇಲ್ಲ. ಕುದುರೆಯೋ, ಬೀರುವಿಗೆ ನಾಲ್ಕು ಕಾಲು ಬಂದಂತಿತ್ತು. ಯಾವ ಬಾಗಿಲಲ್ಲಿ ನಿಲ್ಲಬೇಕೆಂದು ಅದಕ್ಕೇ ಗೊತ್ತಿದ್ದುದರಿಂದ ಹಾಲಿನವನು ಮೇಲೆ ಕೂತು ನಿದ್ದೆ ಮಾಡುತ್ತಿದ್ದ. ಗಾಡಿ ನಿಂತರೆ ಕಣ್ಣು ಅರ್ಧ ತೆರೆದು ಹಾಲು ಅಳೆಯುವನು, ಹೊರಟರೆ ಮತ್ತೆ ಗೊರಕೆ.

ಪ್ರತಿದಿನ ಬೆಕ್ಕು ದಾರಿ ಬಿಡುತ್ತಿತ್ತು. ಅಂದು ಬಿಡಲಿಲ್ಲ. ಕುದುರೆ ತಲೆ ತಗ್ಗಿಸಿ ಮೂಸಿತು. ಬೆಕ್ಕು ಬಿಲ್ಲಿನಂತೆ ಬೆನ್ನೆತ್ತಿ, ಬಾಟಲಿ ತೊಳೆಯುವ ಬ್ರಷ್ಷಿನಂತೆ ಬಾಲ ಉಬ್ಬಿಸಿ, ಆ ದೊಡ್ಡ ಮೂತಿಗೆ ಪಟಪಟನೆ ಬಾರಿಸಿತು.

ಗುಡುಗಿಗೂ ಜಗ್ಗದ ಕುದುರೆ ಹಿಂದೆ ಸರಿಯಿತು. ಇನ್ನೂ ಹಿಂದೆ. ಗಾಡಿ ಮುಂದಾಗಿ, ಕುದುರೆ ಹಿಂದಾಗಿ, ಇಡೀ ಮೆರವಣಿಗೆ ಓಣಿಯಿಂದ ಹೊರಬಿತ್ತು. ಕುಲುಕಾಟಕ್ಕೆ ಎಚ್ಚೆತ್ತ ಹಾಲಿನವನು ತಾನು ಓಣಿಯ ಹೊರಗಿರುವುದನ್ನು ಕಂಡು, ಈ ಓಣಿ ಮುಗಿಯಿತೆಂದುಕೊಂಡು ಮುಂದಿನದಕ್ಕೆ ಹೋದ.

ಪಾತ್ರೆ ಹಿಡಿದು ನಿಂತವರಿಗೆ ಹಾಲು ಬರಲಿಲ್ಲವೆಂಬುದು ಆಮೇಲೆ ಹೊಳೆಯಿತು.

"ಭಲೇ! ನನ್ ಕೋಟಿನ ಮೇಲೆ ಮಲಗಿ ಬೆಳೆದಿದ್ದು!" ಎಂದರು ಟೈಲರು.

"ನನ್ ಕೆನೆ ತಿಂದ ಮೈ ಅದು," ಎಂದರು ಅಜ್ಜಿ.

"ಹಿಂದೆ ಹೆಜ್ಜೆ ಇಡಲಿಲ್ಲ ನೋಡಿದ್ರಾ? ಅದು ಶಿಸ್ತು. ದಿನಾ ನನ್ನ ಜಗಲಿ ಮುಂದೆ ಓಡಾಡಿ ಬಂದಿದ್ದು," ಎಂದರು ಹೆಡ್‌ಮಾಸ್ಟರು.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಬೀದಿಗಳಿಂದಲೂ ಜನ ಬಂದರು. ಮಾತಿನಲ್ಲಿ ಕುದುರೆ ಎರಡಾಯಿತು, ಆಮೇಲೆ ಎರಡೂ ಮದವೇರಿದವು. ಟೈಲರು ಕೆಂಪು ಮಖಮಲ್ಲಿನ ಕೊರಳಪಟ್ಟಿ ಹೊಲಿದು, ಬೆಕ್ಕನ್ನು ಅಂಗಡಿಯ ಗಾಜಿನ ಹಿಂದೆ ಕಟ್ಟಿಹಾಕುವುದೆಂದು ಸಾರಿದರು.

ಒಳಗೆ ಕಾಗದದ ಗುಡ್ಡೆಯಲ್ಲಿ ಬೆಕ್ಕಿನ ಆಕಾರದ ತಗ್ಗು ಹಾಗೇ ಇತ್ತು. ಬೈಂಡಿಂಗಿನವರು ಅದನ್ನು ನೋಡುತ್ತ ವ್ಯಾಕರಣದ ಪುಸ್ತಕದ ನಡುವೆ ಅಡುಗೆ ಪುಸ್ತಕದ ಹಾಳೆಗಳನ್ನು ಸೇರಿಸಿ ಹೊಲಿದುಬಿಟ್ಟರು.

ಅಕ್ಕ ನೋಡಿದರು. "ಹೋಗಿ ಕೇಳೋ."

"ಬೆಳಿಗ್ಗೆ ನಮ್ದಲ್ಲ ಅಂದೆನಲ್ಲಕ್ಕಾ."

"ಅಂದಿದ್ದು ನಾಲಗೆ. ಎಲುಬಿಲ್ಲದ್ದು, ಹೆಂಗ್ ಬೇಕಾದ್ರೂ ಹೊರಳುತ್ತೆ. ಇನ್ನೊಂದ್ಸಲ ಹೊರಳಿಸು, ಹೋಗು."

ಅವರು ಹೋಗಿ ಟೈಲರ ಮುಂದೆ ನಿಂತರು. "ಬೆಕ್ಕು... ನಮ್ದು."

"ಬೆಳಿಗ್ಗೆ ನಿಮ್ದಲ್ಲ, ಮಧ್ಯಾಹ್ನ ನಿಮ್ದು! ಸಾಯಂಕಾಲಕ್ಕೆ ನನ್ ಹೊಲಿಗೆ ಮಿಷನ್ನೂ ನಿಮ್ದೇ ಅಂತೀರೇನೋ!"

ಜಗಳ ಬೆಳೆದು ಕೊನೆಗೆ ಹೆಡ್‌ಮಾಸ್ಟರು ಪರೀಕ್ಷೆ ಏರ್ಪಡಿಸಿದರು. ಬೆಕ್ಕನ್ನು ಓಣಿಯ ನಡುವೆ ಬಿಡುವುದು, ಎಲ್ಲರೂ ಕರೆಯುವುದು, ಯಾರ ಬಳಿ ಹೋಗುತ್ತದೋ ಅವರದು.

"ಮಖಮಲ್ಲೂ!" ಎಂದು ಟೈಲರು ಕೂಗಿದರು. "ಬಾರೋ ಕೆನೆಪುಟ್ಟಾ," ಎಂದು ಅಜ್ಜಿ ಬಟ್ಟಲು ಬಡಿದರು. "ಸೇನಾಪತೀ!" ಎಂದು ಹೆಡ್‌ಮಾಸ್ಟರು ಹಾಜರಿ ಕರೆದರು. ಬೆಕ್ಕು ಹಿಂಗಾಲು ನೆಕ್ಕುತ್ತ ಕೂತಿತು.

ಬೈಂಡಿಂಗಿನವರ ಸರದಿ ಬಂತು. ಅವರು ಅದನ್ನು ಎಂದೂ ಕರೆದವರಲ್ಲ. ಅದಕ್ಕೆ ಹೆಸರೂ ಇಟ್ಟಿರಲಿಲ್ಲ. ಓಣಿಯೆಲ್ಲ ಕಾಯುತ್ತಿತ್ತು. ಏನು ಮಾಡಲೂ ತೋಚದೆ ಅವರ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಹೊಲಿಯುವ ಮುಂಚೆ ದಾರಕ್ಕೆ ಮೇಣ ಸವರುವುದು ಅವರ ಕಸುಬಿನ ಕ್ರಮ. ಮೇಣದ ತುಣುಕಿನ ಮೇಲೆ ದಾರ ಎಳೆದರು. ಸರ್... ಎಂದು ಸಣ್ಣ ಸದ್ದು.

ಬೆಕ್ಕು ಕಾಲು ನೆಕ್ಕುವುದನ್ನು ನಿಲ್ಲಿಸಿತು. ದಿನವೂ ಆ ಸದ್ದಿಗೇ ನಿದ್ದೆ ಹೋಗುತ್ತಿದ್ದ ಪ್ರಾಣಿ ಅದು. ಎದ್ದು ಬಂದು ಅವರ ಪಾದದ ಮೇಲೆ ಧೊಪ್ಪನೆ ಬಿದ್ದು ಕಣ್ಣು ಮುಚ್ಚಿತು.

"ಸರಿ, ಇವರದೇ," ಎಂದರು ಹೆಡ್‌ಮಾಸ್ಟರು. "ಆದ್ರೆ ಎಲ್ಲರ ಎದುರು ಜೋರಾಗಿ ಹೇಳಿಬಿಡಿ. ಮತ್ತೆ ಮಾತು ತಿರುಗಿಸಬಾರದು."

ಬೈಂಡಿಂಗಿನವರು ಎದೆ ತುಂಬ ಉಸಿರೆಳೆದುಕೊಂಡರು. ಅಷ್ಟು ದೊಡ್ಡ ದನಿ ಅವರಲ್ಲಿತ್ತೆಂದು ಅಕ್ಕನಿಗೂ ಗೊತ್ತಿರಲಿಲ್ಲ. "ಈ ಬೆಕ್ಕು ನನ್ನದು!"

"ಹಾಗಾದ್ರೆ ಸ್ವಲ್ಪ ಬನ್ನಿ ಇಲ್ಲಿ," ಎಂದಿತು ಓಣಿಯ ಬಾಯಿಂದ ಒಂದು ದನಿ.

ಹಾಲಿನವನು. ಸಂಜೆಯ ಹಾಲು ತಂದಿದ್ದ. ಹಿಂದೆ ಕುದುರೆ ನಾಲ್ಕು ಕಾಲನ್ನೂ ನೆಲಕ್ಕೆ ಊರಿ ನಿಂತಿತ್ತು.

"ಒಳಗೆ ಬರಲ್ಲ ಅಂತಿದೆ ಸ್ವಾಮಿ. ಇದಕ್ಕೆ ಏನಾದ್ರೂ ಒಂದ್ಸಲ ತಲೇಲಿ ಕೂತ್ರೆ ಮುಗೀತು. ಯಾವತ್ತೋ ಮಾರುಕಟ್ಟೆ ಮೂಲೇಲಿ ಒಂದು ಛತ್ರಿ ಫಟ್ ಅಂತ ಬಿಚ್ಚಿಕೊಳ್ತು. ಇವತ್ತಿಗೂ ಊರು ಸುತ್ತಿಕೊಂಡೇ ಬರ್ತೀವಿ."

"ಬೆಳಿಗ್ಗೇನೂ ಹಾಲಿಲ್ಲ, ಈಗಲೂ ಇಲ್ವಾ?" ಎಂದರು ಅಜ್ಜಿ.

"ಬೆಕ್ಕಿನ ಯಜಮಾನ್ರು ಇಲ್ಲೇ ಇದಾರಲ್ಲ," ಎಂದರು ಟೈಲರು, ಬಹಳ ಮೃದುವಾಗಿ. "ಈಗ ತಾನೆ ಕೂಗಿ ಹೇಳಿದ್ರು."

ಬೈಂಡಿಂಗಿನವರು ಅಕ್ಕನ ಮುಖ ನೋಡಿದರು. ಅಕ್ಕ ಪಾತ್ರೆ ತರಲು ಒಳಗೆ ಹೋದರು.

ಹೀಗೆ ಕುದುರೆಯನ್ನು ಬಿಚ್ಚಿ ನಿಲ್ಲಿಸಿ, ಅದರ ಜಾಗದಲ್ಲಿ ಬೈಂಡಿಂಗಿನವರು ಗಾಡಿಗೆ ಹೆಗಲು ಕೊಟ್ಟರು. ಹಾಲಿನವನು ಹಿಂದಿನಿಂದ ಅಳೆದುಕೊಡುತ್ತ ಬಂದ. ಮೂಲೆಮನೆಯನ್ನು ಅವರು ಎರಡು ಹೆಜ್ಜೆ ದಾಟಿದ್ದೇ ತಡ, "ಏನ್ರೀ ಇದು, ಕುದುರೆಯಾಗಿದ್ರೆ ಸರಿಯಾಗಿ ಬಾಗಿಲಿಗೇ ನಿಲ್ತಿತ್ತು!" ಎಂದು ಅಜ್ಜಿ ಗದರಿದರು. ಅವರು ಹಿಂದಕ್ಕೆ ತಳ್ಳಿದರು.

ಬೆವರು ಒರೆಸಿಕೊಳ್ಳುತ್ತ ಖಾಲಿ ಗಾಡಿಯೊಂದಿಗೆ ಓಣಿಯ ಬಾಯಿಗೆ ಮರಳಿದಾಗ, ಮುಂದೆ ಬಂದಿದ್ದ ಹಾಲಿನವನು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ. ಕುದುರೆಯ ವಿಶಾಲವಾದ ಬೆನ್ನ ಮೇಲೆ ಬೆಕ್ಕು ಚಕ್ಕುಲಿಯಂತೆ ಸುತ್ತಿಕೊಂಡು ಮಲಗಿತ್ತು. ಕುದುರೆ ಕಣ್ಣು ಅರೆಮುಚ್ಚಿ ನಿಂತಿತ್ತು.

"ರಾಜಿ ಆಯ್ತಾ?" ಬೈಂಡಿಂಗಿನವರ ಮುಖ ಅರಳಿತು. "ಹಾಗಾದ್ರೆ ನಾಳೆ ಕುದುರೆ ಬರುತ್ತೆ?"

"ಎಲ್ಲಿ ಬರುತ್ತೆ? ಬೆಕ್ಕಿಗೆ ಎಚ್ಚರ ಆಗುತ್ತೆ ಅಂತ ಕಾಲೇ ಎತ್ತುತ್ತಿಲ್ಲ. ನೊಣ ಕೂತ್ರೂ ಬಾಲ ಆಡಿಸ್ತಿಲ್ಲ." ಹಾಲಿನವನು ನಿಟ್ಟುಸಿರಿಟ್ಟ. "ಹೇಳಿದೆನಲ್ಲ ಸ್ವಾಮಿ, ತಲೇಲಿ ಕೂತ್ರೆ ಮುಗೀತು."

ಬೆಕ್ಕನ್ನು ಕರೆಯಲೆಂದು ಬೈಂಡಿಂಗಿನವರು ಜೇಬಿನಿಂದ ದಾರ ತೆಗೆದು ಮೇಣದ ಮೇಲೆ ಎಳೆದರು. ಬೆಕ್ಕು ಇನ್ನಷ್ಟು ಗಾಢವಾಗಿ ನಿದ್ದೆ ಹೋಯಿತು.

ದಾರಿಹೋಕನೊಬ್ಬ ಸೈಕಲ್ಲಿಳಿದ. "ಕುದುರೆಗೆ ಹೊಡೆದ ಬೆಕ್ಕು ಇದೇನಾ? ಯಾರದು ಸ್ವಾಮಿ?"

ಅವರು ದಾರವನ್ನು ಜೇಬಿಗೆ ಹಾಕಿಕೊಂಡು ಮತ್ತೆ ಗಾಡಿಗೆ ಹೆಗಲು ಕೊಟ್ಟರು.

"ಕುದುರೆಯದು," ಎಂದು ಗಾಡಿಯನ್ನು ಹಾಲಿನವನ ಮನೆಯ ಕಡೆಗೆ ತಿರುಗಿಸಿದರು.