ಹರಪ್ಪದ ರಾಜನಿಗೆ ಗಡ್ಡ

ಜಾನ್ವಿಗೆ ಸ್ಕೂಲಿನಲ್ಲಿ ಪ್ರಾಚೀನ ನಾಗರಿಕತೆಗಳ ಪ್ರಾಜೆಕ್ಟ್ ಕೊಟ್ಟಿದ್ದರು. ಅವಳ ಪಾಲಿಗೆ ಬಂದದ್ದು ಹರಪ್ಪ. ಇಟ್ಟಿಗೆ ಮನೆ, ಬೀದಿ, ಚರಂಡಿ ಎಲ್ಲವನ್ನೂ ರಟ್ಟಿನಲ್ಲಿ ಮಾಡಿ ಮುಗಿಸಿದ್ದಳು. ಅಷ್ಟಕ್ಕೆ ಬಿಡದೆ ಅವಳ ಅಪ್ಪ ಪ್ರಸನ್ನ ಕಾಫಿ ಲೋಟ ಹಿಡಿದು ಬಂದು ಮೂಗು ತೂರಿಸಿದ.

"ರಾಜ ಎಲ್ಲಿದ್ದಾನಮ್ಮಾ?"

"ಅಪ್ಪಾ, ದೇ ನೆವರ್ ಫೌಂಡ್ ಎ ಕಿಂಗ್."

"ರಾಜ ಇಲ್ದೆ ಇಷ್ಟು ನೀಟಾಗಿ ಚರಂಡಿ ಕಟ್ಟಿಸಿದ್ದು ಯಾರು? ಸುಮ್ನಿರು, ನಾನು ಅರೇಂಜ್ ಮಾಡ್ತೀನಿ."

ಪರದೇಶವಾದರೂ ಮನೆಯಲ್ಲಿ ದಸರೆಯ ಗೊಂಬೆ ಕೂರಿಸಿದ್ದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ. ಹೆಂಡತಿ ಭಾನುಪ್ರಿಯಾಗೆ ಮದುವೆಯಲ್ಲಿ ಅವಳ ತಾಯಿ ಕೊಟ್ಟದ್ದು, ಆ ತಾಯಿಗೆ ಅವರ ತಾಯಿ ಕೊಟ್ಟದ್ದು. ಗಂಡ ಅವುಗಳನ್ನು ಮುಟ್ಟುವುದಕ್ಕೂ ಅಪ್ಪಣೆ ಬೇಕಿತ್ತು. ಆದರೆ ಅವಳು ಲಿವೋನಿಯಾ ಊರಿನ ಆಫೀಸಿಗೆ ಹೋಗಿಯಾಗಿತ್ತು. ಸಂಜೆ ಹೆಂಗಸರು ಅರಿಶಿನ ಕುಂಕುಮಕ್ಕೆ ಬರುವಷ್ಟರಲ್ಲಿ ತಂದಿಟ್ಟರಾಯಿತೆಂದು ಪ್ರಸನ್ನ ಇಬ್ಬರನ್ನೂ ಇಳಿಸಿಯೇಬಿಟ್ಟ.

ಪಕ್ಕದ ಮನೆಯ ಹುಬ್ಬಳ್ಳಿಯ ಕಲ್ಮೇಶ್ ಪ್ರಾಜೆಕ್ಟ್ ಇದ್ದ ಗ್ಯಾರೇಜಿಗೇ ಬಂದು ಪರಿಶೀಲಿಸಿದ.

"ಆ ಕಾಲದ್ದು ಒಂದ್ ಗಡ್ಡದ ಮೂರ್ತಿ ಸಿಕ್ಕೈತಲ್ರೀ. ನಿಮ್ಮ ರಾಜಗ ಗಡ್ಡನ ಇಲ್ಲ! ಮಾರ್ಕರ್ ಹಚ್ರಿ, ಆಮ್ಯಾಲೆ ಒರಸಿದ್ರ ಹೋಗ್ತೈತಿ."

ಗಡ್ಡ ಸೊಗಸಾಗಿ ಬಂತು. ಒಂದು ಕಡೆ ಹೆಚ್ಚಾಯಿತೆಂದು ಒರೆಸಿದರೆ ಜಪ್ಪಯ್ಯ ಅನ್ನಲಿಲ್ಲ. ಕಲ್ಮೇಶ್ ಓಡಿಹೋಗಿ ತನ್ನ ಹೆಂಡತಿಯ ನೇಲ್ ಪಾಲಿಶ್ ರಿಮೂವರ್ ತಂದ. ಅದನ್ನು ಹಾಕಿ ಉಜ್ಜಿದಾಗ ಗಡ್ಡ ಉಳಿಯಿತು, ರಾಜನ ಎಡಗಣ್ಣು ಹೋಯಿತು. ಸ್ಕೂಲಿಗೆ ಹೊತ್ತಾಗಿತ್ತು, ಪ್ರಸನ್ನ ಹಾಗೆಯೇ ರಾಜ ರಾಣಿಯರನ್ನು ರಟ್ಟಿನ ಊರಿನಲ್ಲಿ ಕೂರಿಸಿ ಹೊರಟ.

ಸ್ಕೂಲಿನಲ್ಲಿ ಅಪ್ಪ ಅಮ್ಮಂದಿರೆಲ್ಲ ಸುತ್ತ ನಿಂತಿದ್ದರು. ಜಾನ್ವಿ ಇಂಗ್ಲಿಷಿನಲ್ಲಿ ನಿರಾಳವಾಗಿ ಹೇಳಿದಳು: ಹರಪ್ಪದಲ್ಲಿ ರಾಜನಿದ್ದನೆಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಆದರೂ ದೊಡ್ಡವರಿಗೆ ಎಲ್ಲ ಕಡೆಯೂ ಒಬ್ಬ ರಾಜ ಬೇಕು. ಇವನು ನಮ್ಮಪ್ಪ ಕೂರಿಸಿದ ರಾಜ. ಚರಿತ್ರೆಯಲ್ಲಿ ತಪ್ಪು ಹುಟ್ಟುವುದೇ ಹೀಗೆ.

ಎಲ್ಲರೂ ಒಂಟಿಗಣ್ಣಿನ ರಾಜನನ್ನು ನೋಡಿದರು, ಆಮೇಲೆ ಪ್ರಸನ್ನನನ್ನು. ನಾಚಿಕೆಯಿಂದ ಅವನಿಗೆ ನಗುತ್ತ ನಿಲ್ಲುವುದೋ ಓಡಿಹೋಗುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಟೀಚರ್ ಜಾನ್ವಿಗೆ ಮೊದಲ ಬಹುಮಾನ ಘೋಷಿಸಿದರು. ಅವನು ಗೊಂಬೆಗಳನ್ನು ಎತ್ತಿಕೊಳ್ಳಲು ಕೈ ಚಾಚಿದರೆ, ಬಹುಮಾನದ ಪ್ರಾಜೆಕ್ಟ್ ತಿಂಗಳ ಕೊನೆಯವರೆಗೆ ಗಾಜಿನ ಕಪಾಟಿನಲ್ಲಿರುತ್ತದೆ, ಅದರಲ್ಲಿ ಆ ರಾಜನೇ ಮುಖ್ಯ ಎಂದರು ಟೀಚರ್. ಹೆಂಡತಿಗೆ ಹೇಳದೆ ತಂದದ್ದೆಂದು ಅಷ್ಟು ಜನರ ಮುಂದೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಕಪಾಟಿಗೆ ಬೀಗ ಬಿತ್ತು.

ಭಾನುಪ್ರಿಯಾ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಬಂದ ಹೆಂಗಸರ ಜೊತೆಗೇ ಒಳಗೆ ಕಾಲಿಟ್ಟಳು. ಕಲ್ಮೇಶನ ಹೆಂಡತಿ ಪವಿತ್ರ ಮೊದಲು ನೋಡಿದಳು.

"ಅಯ್ಯ, ಪಟ್ಟದ ಗೊಂಬಿ ಎಲ್ಲಿ ಹ್ವಾದ್ವು?"

ಪ್ರಸನ್ನ ಗಂಟಲು ಸರಿಮಾಡಿಕೊಂಡ. "ನೋಡಿ, ಹರಪ್ಪದಲ್ಲಿ ರಾಜಾನೇ ಇರ್ಲಿಲ್ಲ. ಆದ್ರೂ ಎಷ್ಟು ಚೆನ್ನಾಗಿ ನಡೀತಿತ್ತು! ಈ ವರ್ಷ ನಮ್ಮನೇಲೂ ಹಾಗೇ..."

ಭಾನುಪ್ರಿಯಾ ಫೋನ್ ಅವನ ಮುಖದ ಮುಂದೆ ಹಿಡಿದಳು. ಸ್ಕೂಲಿನವರು ಬಹುಮಾನದ ಫೋಟೋ ಎಲ್ಲ ಅಪ್ಪ ಅಮ್ಮಂದಿರಿಗೂ ಕಳಿಸಿದ್ದರು. ಮೊಮ್ಮಗಳ ಗೆಲುವೆಂದು ಅವಳು ಸರಿಯಾಗಿ ನೋಡದೆಯೇ ಅದನ್ನು ಮೈಸೂರಿನಲ್ಲಿದ್ದ ತನ್ನ ತಾಯಿಗೂ ಕಳಿಸಿಬಿಟ್ಟಿದ್ದಳು. ಇಲ್ಲಿ ಸಂಜೆಯಾದರೆ ಅಲ್ಲಿ ನಸುಕು; ಪೂಜೆಗೆಂದು ಎದ್ದಿದ್ದ ಅತ್ತೆ ಈಗ ವಿಡಿಯೋ ಕಾಲಿನಲ್ಲಿದ್ದರು.

"ಗಡ್ಡ ಇರ್ಲಿ ಅಳಿಯಂದ್ರೇ," ಎಂದರು ಅವರು ಮೆಲ್ಲಗೆ, "ನಮ್ಮಮ್ಮ ಕೊಟ್ಟ ರಾಜನ ಎಡಗಣ್ಣು ಏನಾಯ್ತು?"