ಅಣಬೆ ಮೇಡಂ, ಇದು ತಿನ್ನಬಹುದಾ?

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದ ಮೇಲೆ ಇನ್ನು ಆರಾಮ ಅಂದುಕೊಂಡಿದ್ದೆ. ಆದರೆ ನಮ್ಮ ಬಸವನಗುಡಿಯಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಕಡಿದ ಮರಗಳ ಕೊರಡಿನ ಮೇಲೆ ಅಣಬೆ ಏಳುತ್ತವೆ, ಹಿಂದೆಯೇ ನಮ್ಮ ಮನೆ ಬೆಲ್ ಹೊಡೆಯುತ್ತದೆ. ರಸ್ತೆಯಲ್ಲಿ ನನಗೀಗ ಹೆಸರೇ ಇಲ್ಲ. ಬರೀ 'ಅಣಬೆ ಮೇಡಂ'.

೧

ಎದುರುಮನೆಯಾಕೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ಕೊಳೆತ ಕೊರಡಿನ ಮೇಲೆ ಕಂದು ಬಣ್ಣದ ಪುಟ್ಟ ಪುಟ್ಟ ಕೊಡೆಗಳು. 'ಮೇಡಂ, ತಿನ್ನಬಹುದಾ?'

"ಮೇಲಿಂದ ನೋಡಿದ್ರೆ ಗೊತ್ತಾಗಲ್ಲ ಕಣ್ರೀ, ಅಡಿಭಾಗ ಕಾಣೋ ಹಾಗೆ ಇನ್ನೊಂದು ಕಳ್ಸಿ" ಎಂದೆ.

ಹತ್ತು ನಿಮಿಷಕ್ಕೆ ಇನ್ನೊಂದು ಫೋಟೋ ಬಂತು. ಬಾಣಲೆ, ಸಾಸಿವೆ, ಕರಿಬೇವು, ನಡುವೆ ಅಣಬೆಗಳು. ಚಪ್ಪಲಿ ಕೂಡ ಹಾಕದೆ ಓಡಿ ಹೋಗಿ ಒಲೆ ಆರಿಸಿದೆ.

ಆಕೆಗೆ ಬೇಜಾರು. "ನೀವು ಹೇಳಿದ ಹಾಗೇ ಒಂದೊಂದನ್ನೂ ಮಗುಚಿ ಹಾಕಿದೀನಲ್ಲ ಮೇಡಂ, ಅಡಿಭಾಗ ಸರಿಯಾಗಿ ಕಾಣ್ಲಿಲ್ವಾ?"

೨

ಅಣಬೆ ಪತ್ತೆಹಚ್ಚಲು ಒಂದು ಉಪಾಯವಿದೆ. ಕೊಡೆಯನ್ನು ಕಾಂಡದಿಂದ ಬಿಡಿಸಿ ಬಿಳಿ ಹಾಳೆಯ ಮೇಲಿಟ್ಟು, ಬಟ್ಟಲು ಮುಚ್ಚಿ ಅರ್ಧ ದಿನ ಬಿಟ್ಟರೆ, ಅಡಿಯಿಂದ ನುಣ್ಣನೆ ಧೂಳಿ ಉದುರುತ್ತದೆ. ಕೊರಡಿನ ಮೇಲಿನ ಕಂದು ಅಣಬೆಯ ಧೂಳಿ ತುಕ್ಕಿನ ಬಣ್ಣದ್ದಾಗಿದ್ದರೆ ಹುಷಾರಾಗಿರಬೇಕು.

ಹಾಗೊಂದನ್ನು ಮುಚ್ಚಿಟ್ಟು ಪೇಟೆಗೆ ಹೋಗಿದ್ದೆ. ಬಂದು ನೋಡಿದರೆ ಅಣಬೆಯ ತಲೆ ಮೇಲೆ ಮಲ್ಲಿಗೆ ಹೂವು, ಹಾಳೆ ತುಂಬ ಅರಿಶಿನ ಕುಂಕುಮ. ಪಕ್ಕದಲ್ಲಿ ನಮ್ಮತ್ತೆ ಕೈಮುಗಿದು ನಿಂತಿದ್ದರು.

"ಏನೋ ವ್ರತ ಹಿಡಿದಿದೀಯ ಅಂದ್ಕೊಂಡೆ ಕಣಮ್ಮ. ನೀನು ಬರೋದು ತಡವಾಯ್ತಲ್ಲ, ನಾನೇ ಪೂಜೆ ಮುಗಿಸಿಬಿಟ್ಟೆ."

ಕನ್ನಡ ಬಾವುಟದ ಬಣ್ಣದ ಧೂಳಿ ಉದುರಿಸಿದ ಅಣಬೆ ಇಡೀ ಪ್ರಪಂಚದಲ್ಲಿ ಅದೊಂದೇ ಇರಬೇಕು.

೩

ಇದು ಮಾತ್ರ ತಮಾಷೆಯ ಮಾತಲ್ಲ.

ಅತ್ತೆ ಊರಿಗೆ ಹೋಗಿದ್ದ ಒಂದು ಭಾನುವಾರ ಮಧ್ಯಾಹ್ನ ತರಕಾರಿ ತೆಗೆದುಕೊಂಡು ಬರುತ್ತಿದ್ದೆ. ಪಕ್ಕದ ಮನೆ ಗೇಟಿನ ಹತ್ತಿರ ಕಸದ ಬುಟ್ಟಿಯಲ್ಲಿ ಅಣಬೆ ಕಾಂಡಗಳು ಕಂಡವು. ಸಣ್ಣ, ಕಂದು ಕಾಂಡ, ಅದರ ಮೇಲೊಂದು ತೆಳ್ಳನೆ ಉಂಗುರ, ಬುಡದಲ್ಲಿ ಕೊಳೆತ ಮರದ ಚೂರು. ಲಿವರನ್ನೇ ಹಾಳು ಮಾಡುವ ಜಾತಿ! ಒಳಗೆ ನುಗ್ಗಿದೆ. ಮನೆಯವರೆಲ್ಲ ಊಟಕ್ಕೆ ಕೂತಿದ್ದರು.

"ಯಾರೂ ಮುಟ್ಬೇಡಿ! ಯಾರಾದ್ರೂ ತಿಂದ್ರಾ?"

ಯಜಮಾನರು ನಕ್ಕರು. "ಇನ್ನೂ ಇಲ್ಲ ಬನ್ನಿ ಮೇಡಂ. ನಮ್ಮೂರಲ್ಲಿ ಅಣಬೆ ಸಾರು ತಿಂದೇ ಬೆಳೆದೋನು ನಾನು."

"ಅದು ಹುತ್ತದ ಮೇಲೆ ಏಳೋದು ಸಾರ್. ಇದು ಕೊರಡಿನದು, ವಿಷ!"

"ಬೆಳ್ಳಿ ಚಮಚ ಹಾಕಿ ನೋಡ್ದೆ, ಕಪ್ಪಾಗ್ಲಿಲ್ಲ."

"ಈ ವಿಷಕ್ಕೆ ಬೆಳ್ಳಿ ಬಂಗಾರ ಯಾವುದೂ ಲೆಕ್ಕಕ್ಕಿಲ್ಲ. ಕುದಿಸಿದ್ರೂ ಹೋಗಲ್ಲ."

ಅವರು ತಟ್ಟೆ ತಳ್ಳಿ ಎದ್ದು ನಿಂತರು. "ಅಯ್ಯೋ ಮೇಡಂ... ನಿಮಗೆ ಇಷ್ಟ ಅಂತ ಮೊದಲು ನಿಮ್ಮನೆಗೇ ಒಂದು ಡಬ್ಬಿ ಕೊಟ್ಟು ಬಂದೆ. ನಿಮ್ಮ ಯಜಮಾನ್ರೇ ತಗೊಂಡ್ರು."

ಚೀಲ ಅಲ್ಲೇ ಬಿಸಾಕಿ ಮನೆಗೆ ಓಡಿದೆ. ನಮ್ಮನೆಯವರು ಸೋಫಾದಲ್ಲಿ ಕಣ್ಣುಮುಚ್ಚಿ ಒರಗಿದ್ದರು. ಟೇಬಲ್ ಮೇಲೆ ಡಬ್ಬಿ ಖಾಲಿ!

"ರೀ! ಎದ್ದೇಳ್ರೀ! ಆಸ್ಪತ್ರೆಗೆ ಹೋಗೋಣ! ಡಬ್ಬೀಲಿದ್ದ ಸಾರು ತಿಂದ್ರಾ?" ನಾನು ಅಳುವುದಕ್ಕೇ ಶುರು ಮಾಡಿದ್ದೆ.

ಅವರು ಎದ್ದು ಕೂತರು. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದರು.

"ಬೈಯಬೇಡ. ಒಂಚೂರೂ ತಿಂದಿಲ್ಲ. ಮುಚ್ಚಳ ತೆಗೆದು ಮೂಸಿ ನೋಡಿ, ನೀನೇ ಮಾಡಿ ಅವರಿಗೆ ಕೊಟ್ಟಿದ್ದೆ, ಅವರು ವಾಪಸ್ ತಂದ್ಕೊಟ್ರು ಅಂದ್ಕೊಂಡೆ. ಎಲ್ಲಾ ಚರಂಡಿಗೆ ಸುರಿದು, ಗಾಂಧಿ ಬಜಾರಿಗೆ ಹೋಗಿ ಎರಡು ಮಸಾಲೆ ದೋಸೆ ತಿಂದ್ಕೊಂಡು ಬಂದೆ."

ಮೂವತ್ತೈದು ವರ್ಷದ ಸಂಸಾರದಲ್ಲಿ ನನ್ನ ಅಡುಗೆಯನ್ನು ಅವರು ಬಾಯಿಬಿಟ್ಟು ಹಳಿದದ್ದು ಅದೇ ಮೊದಲು. ನಾನು ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ.